ಕಲ್ಲಿನ ಸೀರೆಯ ಅಂಚು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ, ಮಣ್ಣು ಮಾಡಿ ಹನ್ನೆರಡು ದಿನ ಕಳೆದ ಮೇಲೆ. ನ್ಯಾಮತಿಯಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದಳು. ಅವಳ ಅತ್ತೆ, ಮಾವ, ಮಗುವಿಗೆ ಬರುತ್ತಿರುವ ಹಲ್ಲು ಎಲ್ಲ ಮಾತಾಡಿ ಮುಗಿಯಿತು. ಬಸ್ಸು ಬಂತು. ಮೆಟ್ಟಿಲು ಹತ್ತುತ್ತ ಅವಳು, "ಹೊಲಿಗೆ ಅಕ್ಕೋರು ಹೋದ್ರಂತೆ ಕಣೇ, ಚನ್ನಗಿರಿಯಾಗೆ. ನಿನಗೆ ಗೊತ್ತಿರತೈತೆ ಅನ್ಕೊಂಡಿದ್ದೆ" ಅಂದಳು.

ನನಗೆ ಗೊತ್ತಿರಬೇಕಿತ್ತು. ಅವಳು ಹಾಗೆ ಅಂದುಕೊಂಡದ್ದರಲ್ಲಿ ತಪ್ಪಿರಲಿಲ್ಲ.

ನಮ್ಮೂರಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಅವರು ಹೊಲಿಗೆ ಕಲಿಸಲು ಬಂದಾಗ ಅವರಿಗೆ ಮೂವತ್ತು ದಾಟಿತ್ತು. ತವರು ಚನ್ನಗಿರಿ. ಹತ್ತೊಂಬತ್ತಕ್ಕೇ ಗಂಡ ತೀರಿಹೋಗಿದ್ದರು. ಅಣ್ಣ ಹೊಲಿಗೆ ತರಬೇತಿಗೆ ಸೇರಿಸಿ ಒಂದು ದಾರಿ ಮಾಡಿಕೊಟ್ಟಿದ್ದರು. ನ್ಯಾಮತಿಯಲ್ಲಿ ಅಂಚೆ ಕಚೇರಿ ಹಿಂದಿನ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ಎತ್ತರದ, ತೆಳ್ಳಗಿನ ಹೆಂಗಸು. ಉಡುತ್ತಿದ್ದದ್ದು ಯಾವಾಗಲೂ ಬೂದಿ ಬಣ್ಣದ, ಅಂಚಿಲ್ಲದ ಸೀರೆ. ರವಿಕೆಯ ಎಡಭುಜದ ಮೇಲೆ ದಾರ ಪೋಣಿಸಿದ ಸೂಜಿಯೊಂದು ಚುಚ್ಚಿಕೊಂಡೇ ಇರುತ್ತಿತ್ತು. ಯಾರ ಜೊತೆ ಮಾತಾಡುತ್ತಿದ್ದರೂ ಕೈ ತಾನಾಗಿ ಎದುರಿನವರ ಬಟ್ಟೆಯ ಅಂಚಿಗೆ ಹೋಗುತ್ತಿತ್ತು. ಲಂಗದ ತುದಿಯನ್ನೋ ಸೆರಗನ್ನೋ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿ, ಮಗುಚಿ, ಹಿಂಬದಿ ನೋಡುತ್ತಿದ್ದರು. ಹೆಡ್‌ಮಾಸ್ಟರ ಶಾಲನ್ನೂ ಒಮ್ಮೆ ಹಾಗೆ ಹಿಡಿದು, ಆಮೇಲೆ ಎಚ್ಚರವಾಗಿ ಕೈಬಿಟ್ಟು ನಿಂತದ್ದನ್ನು ನಾವೆಲ್ಲ ನೋಡಿದ್ದೆವು.

ಕ್ಲಾಸಿನಲ್ಲಿ ಅವರದು ಎರಡೇ ಮಾತು. "ಬಿಚ್ಚು, ಮತ್ತೆ ಹಾಕು." ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ನನ್ನ ಹೊಲಿಗೆಯನ್ನಂತೂ ದಿನಕ್ಕೆ ಮೂರು ಸಲ ಬಿಚ್ಚಿಸುತ್ತಿದ್ದರು. ನನ್ನ ಬೆರಳಿಗೆ ಆ ವಿದ್ಯೆ ಒಲಿಯಲೇ ಇಲ್ಲ.

ಕಲಿಸುವುದಕ್ಕೆ ಇದ್ದದ್ದು ಹರಿದುಹೋದ ಒಂದು ಡಿಸೈನ್ ಪುಸ್ತಕ ಮತ್ತು ಕಾರ್ಬನ್ ಹಾಳೆ. ಒಂದು ಗುಲಾಬಿ ಗೊಂಚಲು, ಎದುರುಬದುರು ಕೂತ ಎರಡು ಗಿಳಿ, ಒಂದು ನಾಯಿಮರಿ, ಬಾಗಿಲ ಪರದೆಗೆ 'ಸುಸ್ವಾಗತ'. ನ್ಯಾಮತಿಯ ಯಾವ ಮನೆಗೆ ಹೋದರೂ ದಿಂಬಿನ ಮೇಲೆ ಅದೇ ಗುಲಾಬಿ, ಅವೇ ಗಿಳಿ. ಒಂದು ದಿನ ಅವರು ಆ ಹಾಳೆಯನ್ನು ಬೆಳಕಿಗೆ ಹಿಡಿದು, "ಈ ಗುಲಾಬಿ ಯಾವ ಸೀಮೆಯಾಗೆ ಬೆಳೀತೈತೋ ನನಗೆ ಗೊತ್ತಿಲ್ಲ. ಎಂಟು ವರ್ಷದಿಂದ ಹೊಲಿಸ್ತಾ ಇದೀನಿ. ಒಂದು ಎಸಳೂ ನನ್ನದಲ್ಲ" ಅಂದರು. ಯಾರಿಗೆ ಹೇಳಿದರೋ ತಿಳಿಯದೆ ನಾವು ತಲೆ ತಗ್ಗಿಸಿ ಹೊಲಿಯುತ್ತಾ ಕೂತೆವು.

ಮದುವೆ ಇದ್ದ ಮನೆಯವರೆಲ್ಲ ಅವರಿಂದ ದಿಂಬಿನ ಗೌಸು ಹೊಲಿಸಿಕೊಳ್ಳುತ್ತಿದ್ದರು. ನನ್ನ ಸೋದರತ್ತೆಯ ಮದುವೆಗೂ ಅವರೇ ಹೊಲಿದರು. ಕೊಡಲು ಬಂದಾಗ ಒಳಗೆ ಬಳೆ ತೊಡಿಸುವ ಶಾಸ್ತ್ರ ನಡೆದಿತ್ತು. ನಮ್ಮಜ್ಜಿ ಬಾಗಿಲಲ್ಲೇ ಕೈ ಚಾಚಿ ತಗೊಂಡು, "ಆಮೇಲೆ ಬರ್ರಿ ತಾಯಿ" ಅಂದಳು. ಅವರು ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. "ಆಗಲಿ ರೀ. ತಣ್ಣೀರಾಗೆ ಒಂದ್ಸಲ ಅದ್ದಿ ತೆಗೀರಿ, ಕಾರ್ಬನ್ ಗೆರೆ ಹೋಗತೈತೆ" ಅಂತ ಹೇಳಿ ಹೊರಟುಹೋದರು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಬೆಂಗಳೂರಿಗೆ ಟೂರ್ ಹೊರಟಿತು. ನಲವತ್ತು ಹುಡುಗಿಯರು, ಇಬ್ಬರು ಮೇಷ್ಟ್ರು, ಅವರು. ಎರಡನೇ ದಿನ ಬೆಳಿಗ್ಗೆ ಮ್ಯೂಸಿಯಂಗೆ ಕರೆದುಕೊಂಡು ಹೋದರು. ಒಳಗೆ ಹೋಗುವ ಮುಂಚೆ ಅವರು ನಮ್ಮನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ, "ಜೋಡಿ ಕೈ ಬಿಡಬ್ಯಾಡ್ರಿ. ಏನೇ ಆಗಲಿ ಬಿಡಬ್ಯಾಡ್ರಿ" ಅಂತ ಎರಡೆರಡು ಸಲ ಹೇಳಿದರು. ಇದನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡಿದ್ದೆ.

ಒಳಗೆ ನಾಣ್ಯ, ಕತ್ತಿ, ತುಂಬಿಸಿಟ್ಟ ಹಕ್ಕಿ, ಕಲ್ಲಿನ ದೇವರು. ಒಂದು ಮೂಲೆಯಲ್ಲಿ ಒಂದು ಹೆಣ್ಣಿನ ವಿಗ್ರಹವಿತ್ತು. ತಲೆ ಇರಲಿಲ್ಲ, ಕೈಗಳಿರಲಿಲ್ಲ. ಉಳಿದದ್ದು ಸೊಂಟದಿಂದ ಮೊಣಕಾಲಿನವರೆಗೆ ಮಾತ್ರ. ಎಲ್ಲರೂ ಅದನ್ನು ದಾಟಿ ಹೋದರು. ಅವರು ನಿಂತರು. ಮೊದಲು ನಿಂತು ನೋಡಿದರು, ಆಮೇಲೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಆ ಹೆಣ್ಣು ಉಟ್ಟಿದ್ದ ಸೀರೆಯ ಅಂಚನ್ನು ಆ ಕಲ್ಲಿನ ಮೇಲೆ ಪೂರ್ತಿಯಾಗಿ ಕೆತ್ತಿದ್ದರು. ಬಳ್ಳಿ, ಬಳ್ಳಿಯ ಸುತ್ತಿನೊಳಗೆ ಹೂವು, ಹೂವಿನ ನಡುನಡುವೆ ಹಂಸದ ಸಾಲು, ಕೆಳಗೆ ಸಾಸಿವೆಯಂಥ ಚುಕ್ಕಿ.

"ನೋಡ್ರೇ ಇಲ್ಲಿ" ಅಂತ ಹತ್ತಿರ ಇದ್ದ ನಮ್ಮನ್ನು ಕರೆದರು. ಅವರ ದನಿಯಲ್ಲಿ ಅಷ್ಟು ಉಮೇದು ಇದ್ದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ಯಾರೋ ಒಬ್ಬ ಹೆಂಗಸು ಇಂಥ ಸೀರೆ ಉಟ್ಟು ಆ ಶಿಲ್ಪಿ ಕಣ್ಮುಂದೆ ಓಡಾಡಿರ್ತಾಳೆ. ಇನ್ಯಾರೋ ಹೆಂಗಸು ಅದಕ್ಕೆ ಕಸೂತಿ ಹಾಕಿರ್ತಾಳೆ. ಬಟ್ಟೆ ಮಣ್ಣಾತು. ಇವನು ಕೆತ್ತಿದ್ದು ಉಳೀತು. ಇದನ್ನ ವಾಪಸ್ ಬಟ್ಟೆಗೆ ತರಬೌದು. ಒಂದೊಂದೇ ಎಳೆ ಎಣಿಸಿದ್ರೆ ತರಬೌದು."

ಹುಡುಗಿಯರ ಹೆಸರು ಬರೆದಿದ್ದ ಟೂರಿನ ಪಟ್ಟಿ ಅವರ ಕೈಯಲ್ಲಿತ್ತು. ಅದನ್ನು ಮಗುಚಿ ಹಿಂಬದಿಯಲ್ಲಿ ಆ ಅಂಚನ್ನು ಬರೆಯತೊಡಗಿದರು. ಬಲಗಡೆಯ ಸೊಂಟದಿಂದ ಶುರುಮಾಡಿ ಎಳೆ ಎಳೆಯಾಗಿ. ನಾವು ಸ್ವಲ್ಪ ಹೊತ್ತು ನಿಂತು ಬೇಸರವಾಗಿ ಚದುರಿದೆವು. ನನಗೆ ತುಂಬಿಸಿಟ್ಟ ಹಕ್ಕಿಗಳನ್ನು ಇನ್ನೊಂದು ಸಲ ನೋಡುವ ಆಸೆ. ಜೋಡಿಯವಳು ಬರಲ್ಲ ಅಂದಳು. ನಾನು ಅವಳ ಕೈ ಬಿಟ್ಟು ಹೋದೆ.

ಆಮೇಲೆ ನಡೆದದ್ದು ಸುಲಭದ ತಪ್ಪು. ಅಲ್ಲಿ ಇನ್ನೊಂದು ಶಾಲೆಯ ಹುಡುಗಿಯರು ಬಂದಿದ್ದರು. ಅದೇ ನೀಲಿ ಲಂಗ, ಬಿಳಿ ರವಿಕೆ, ಕೆಂಪು ಟೇಪು. ಅವರ ಸಾಲಿನ ಹಿಂದೆ ನಡೆದು ಅವರ ಬಸ್ಸು ಹತ್ತಿದೆ. ಬಸ್ಸು ಹೊರಟ ಮೇಲೆ ಒಂದು ಮುಖವೂ ನನ್ನ ಗುರುತಿನದಲ್ಲ ಎಂದು ತಿಳಿಯಿತು. ಹೆದರಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಬಸ್ಸು ನಂದಿ ಬೆಟ್ಟಕ್ಕೆ ಹೋಗಿ ಅಲ್ಲಿ ತಲೆ ಎಣಿಸಿದಾಗ ಒಬ್ಬಳು ಹೆಚ್ಚಾಗಿದ್ದಳು. ಆ ಶಾಲೆಯವರು ಒಳ್ಳೆಯವರು. ಪುಳಿಯೋಗರೆ ಕೊಟ್ಟು, ಸಮಾಧಾನ ಮಾಡಿ, ಸಾಯಂಕಾಲ ಐದೂವರೆಗೆ ಮ್ಯೂಸಿಯಂ ಗೇಟಿಗೇ ತಂದು ಬಿಟ್ಟರು.

ಗೇಟಿನ ಹತ್ತಿರ ನಮ್ಮ ಹೊಲಿಗೆ ಅಕ್ಕೋರು ನಿಂತಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಪೊಲೀಸ್ ಸ್ಟೇಷನ್ನು, ಆಸ್ಪತ್ರೆ, ಬಸ್‌ಸ್ಟ್ಯಾಂಡು ಎಲ್ಲ ಕಡೆ ಅಲೆದು ಬಂದಿದ್ದರಂತೆ. ನನ್ನನ್ನು ಕಂಡು ಓಡಿ ಬರಲಿಲ್ಲ, ಹೊಡೆಯಲಿಲ್ಲ. ನಿಂತಲ್ಲೇ ಕೂತುಬಿಟ್ಟರು. ಆಮೇಲೆ ನನ್ನ ಲಂಗದ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡವರು ನಾವು ಬಸ್ಸು ಹತ್ತುವ ತನಕ ಬಿಡಲಿಲ್ಲ.

ನಮ್ಮಪ್ಪ ಊರಿನಲ್ಲಿ ನಾಲ್ಕು ಜನ ಕೇಳುವಂಥ ವ್ಯಾಪಾರಸ್ಥ. ಅಕ್ಕೋರ ಮೇಲೆ ಮೇಲಿನ ಆಫೀಸಿಗೆ ಅರ್ಜಿ ಹಾಕಿದರು. ತಿಂಗಳಾದ ಮೇಲೆ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಹೆಡ್‌ಮಾಸ್ಟರ ಕೋಣೆಯಲ್ಲಿ ನನ್ನನ್ನು ಕೂರಿಸಿ, "ಜೊತೆ ಬಿಟ್ಟು ಹೋಗಬಾರದು ಅಂತ ನಿಮ್ಮ ಟೀಚರ್ ಹೇಳಿದ್ರೇನಮ್ಮ?" ಅಂತ ಕೇಳಿದರು. ಅಪ್ಪ ಬಾಗಿಲಲ್ಲಿ ನಿಂತಿದ್ದರು. ಹೇಳಿದ್ದರು ಅಂದರೆ ಕೈ ಬಿಟ್ಟವಳು ನಾನಾಗುತ್ತಿದ್ದೆ.

"ಏನೂ ಹೇಳಲಿಲ್ಲ ಸಾರ್" ಅಂದೆ.

"ಬರೆದುಕೊಡು."

ಬರೆದುಕೊಟ್ಟೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಅವರು ಇರಲಿಲ್ಲ. ಜಗಳೂರಿಗೆ ಹಾಕಿದರಂತೆ ಎಂದರು. ನಮ್ಮ ಕಡೆಯವರಿಗೆ ಆಗ ಜಗಳೂರು ಅಂದರೆ ನೀರಿಲ್ಲದ ಸೀಮೆ, ಬೇಡದವರನ್ನು ಕಳಿಸುವ ಜಾಗ. ಹೊಲಿಗೆ ಕ್ಲಾಸನ್ನು ತೆಗೆದು ಆ ಹೊತ್ತಿಗೆ ಆಟ ಆಡಿಸಿದರು. ನನಗೆ ಸಂತೋಷವಾಯಿತು. ಅದನ್ನೂ ಬರೆಯಬೇಕು, ಸಂತೋಷವಾಗಿತ್ತು.

ಎಂಬತ್ತರ ದಶಕದ ಶುರುವಿನಲ್ಲಿ ನನಗೆ ಕನ್ನಡ ಟೀಚರ್ ಕೆಲಸ ಸಿಕ್ಕಿತು. ಆರ್ಡರಿನಲ್ಲಿ ಜಗಳೂರು ಎಂದಿತ್ತು. ಅವರು ಅಲ್ಲಿಯೇ ಇದ್ದಾರೋ ಇಲ್ಲವೋ ಎಂದು ನಾನು ವಿಚಾರಿಸಲಿಲ್ಲ. ಸ್ಟಾಫ್ ರೂಮಿಗೆ ಕಾಲಿಟ್ಟಾಗ ಕಿಟಕಿಯ ಹತ್ತಿರ, ಬೂದಿ ಬಣ್ಣದ ಸೀರೆಯಲ್ಲಿ, ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೂತಿದ್ದರು. ನಾನು ಹೋಗಿ ಕಾಲು ಮುಟ್ಟಿ ಹೆಸರು ಹೇಳಿದೆ. ಅವರು ತಲೆ ಓರೆ ಮಾಡಿ ನನ್ನ ದನಿ ಬಂದ ಕಡೆ ನೋಡಿದರು. ಕೈ ನನ್ನ ಸೆರಗಿಗೆ ಬಂತು.

"ನೂಲು ಚಲೋದೈತೆ" ಅಂದರು. ಸೆರಗನ್ನು ಮಗುಚಿ, "ನಿನ್ನ ಅಕ್ಷರ ದುಂಡಗಿತ್ತು. ಮೆಮೋ ಜೊತೆ ನೀನು ಬರೆದುಕೊಟ್ಟದ್ದನ್ನೂ ಕಳಿಸಿದ್ರು" ಅಂದರು.

ಅದೊಂದೇ ಸಲ. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಂದೇ ಶಾಲೆಯಲ್ಲಿ ಐದು ವರ್ಷ ಇದ್ದೆವು, ಒಂದೇ ಡಬ್ಬಿಯ ರೊಟ್ಟಿ ತಿಂದೆವು. ಅವರ ಮನೆಗೆ ನಲ್ಲಿ ನೀರು ಬಾರದ ದಿನ ನಾನು ನಮ್ಮ ಓಣಿಯಿಂದ ಕೊಡ ಹೊತ್ತುಕೊಟ್ಟು ಬರುತ್ತಿದ್ದೆ. ಅಷ್ಟರಲ್ಲಿಯೇ ಆ ಮಾತನ್ನು ಹೇಳಿದಂತಾಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆ ಬಟ್ಟೆಯನ್ನು ನಾನು ನೋಡಿದ್ದು ಅವರ ಮನೆಯಲ್ಲಿ. ಸೀರೆಯಷ್ಟೇ ಉದ್ದದ ಬಿಳಿ ಖಾದಿ. ಅದರ ಅಂಚಿಗೆ ಆ ಮ್ಯೂಸಿಯಂ ಕಲ್ಲಿನ ಬಳ್ಳಿ, ಹೂವು, ಹಂಸ, ಚುಕ್ಕಿ. ಅರಿಸಿನ, ಇಟ್ಟಿಗೆ ಕೆಂಪು, ಎಲೆಯ ಹಸಿರು. ಹೊಲಿಗೆಯಲ್ಲಿ ನನಗಿದ್ದ ಅಲ್ಪಜ್ಞಾನಕ್ಕೂ ತಿಳಿಯುತ್ತಿತ್ತು, ಅಂಥದ್ದನ್ನು ನಮ್ಮ ಕಡೆ ಯಾರೂ ಮಾಡಿರಲಿಲ್ಲ. ಹಂಸಗಳ ರೆಕ್ಕೆಯಲ್ಲಿ ಕಲ್ಲಿನ ಗಡಸೂ ಇತ್ತು, ಹಕ್ಕಿಯ ಮೆದುವೂ ಇತ್ತು. ಶಾಲೆ ಬಿಟ್ಟ ಮೇಲೆ, ಬೆಳಕಿರುವ ತನಕ, ತಿಂಗಳಿಗೆ ಎರಡು ಬೆರಳಷ್ಟು ಅಗಲ. ಆದರೆ ಅಂಚು ನಡುವಿಗೆ ಬಂದು ನಿಂತಿತ್ತು.

"ಎಡಗಡೆದು ನಾನು ಬರ್ಕೊಳ್ಳಲಿಲ್ಲ" ಅಂದರು. "ಅಲ್ಲಿ ಹಂಸ ತಿರುಗತೈತೆ. ಬಲಗಡೆಯಿಂದ ಬಂದ ಸಾಲು, ಎಡಗಡೆಯಿಂದ ಬಂದ ಸಾಲು, ನಡುವೆ ಏನೋ ಒಂದು ಐತೆ. ಅದೇನು ಅಂತ ನೋಡಾಕೆ ಏಳಬೇಕು ಅನ್ನೋದ್ರಾಗೆ ಹುಡುಗಿ ಕಾಣ್ತಿಲ್ಲ ಅಂತ ಕೂಗಿದ್ರು."

ಆ ಹುಡುಗಿ ನಾನೇ. ಅವರು ನನ್ನ ಕಡೆ ನೋಡದೆ ಹೇಳಿದರು.

"ನಿಮಗೆ ತೋಚಿದ್ದನ್ನ ಹಾಕಬಾರದಾ ಅಕ್ಕೋರೇ?"

"ತೋಚಿದ್ದು ಹಾಕಾಕೆ ಗುಲಾಬಿ ಸಾಲದಾ? ಇದನ್ನ ಹಾಕಿದವಳು ಒಬ್ಬಳಿದ್ಲು. ಅವಳು ಏನು ಹಾಕಿದ್ಲೋ ಅದೇ ಆಗಬೇಕು."

ಇಷ್ಟು ವರ್ಷ ಯಾಕೆ ಹೋಗಿ ನೋಡಿ ಬರಲಿಲ್ಲ ಎಂದು ಕೇಳಬೇಕೆನಿಸಿತು. ಕೇಳದಿದ್ದರೂ ತಿಳಿಯಿತು. ಆ ಗೇಟಿನ ಹತ್ತಿರ ಮತ್ತೆ ಒಬ್ಬರೇ ಹೋಗಿ ನಿಲ್ಲಲು ಅವರಿಂದ ಆಗಿರಲಿಲ್ಲ. ಈಗ ಕಣ್ಣೂ ಹೋಗುತ್ತಿತ್ತು. ದಾವಣಗೆರೆಯ ಡಾಕ್ಟರು ನರ ಒಣಗಿದೆ, ಆಪರೇಷನ್ನಿನಿಂದ ಆಗುವಂಥದ್ದಲ್ಲ ಅಂದಿದ್ದರು. ಕ್ಲಾಸಿನಲ್ಲಿ ಹುಡುಗಿಯರೇ ಅವರಿಗೆ ಸೂಜಿ ಪೋಣಿಸಿ ಕೊಡುತ್ತಿದ್ದರು. ಅವರು ಹೊಲಿಗೆಯ ಮೇಲೆ ಬೆರಳಾಡಿಸಿ ತಪ್ಪು ಹಿಡಿಯುತ್ತಿದ್ದರು.

"ನಾನು ಕರ್ಕೊಂಡು ಹೋಗ್ತೀನಿ" ಅಂದೆ. ಅಂದದ್ದು ಹೌದು, ಆದರೆ ಪರೀಕ್ಷೆ ಮುಗಿಯಲಿ, ಚುನಾವಣೆ ಕೆಲಸ ಮುಗಿಯಲಿ, ಮಳೆ ನಿಲ್ಲಲಿ ಅಂತ ಎರಡು ವರ್ಷ ದೂಡಿದೆ. ಹೊರಟಾಗ ಅವರಿಗೆ ಬೆಳಕು ನೆರಳು ಬಿಟ್ಟು ಹೆಚ್ಚೇನೂ ಕಾಣುತ್ತಿರಲಿಲ್ಲ.

ಕಲ್ಲು ಅದೇ ಮ್ಯೂಸಿಯಂನಲ್ಲಿತ್ತು. ಮೂಲೆಯಿಂದ ತೆಗೆದು ಪಡಸಾಲೆಯ ನಡುವೆ, ಸುತ್ತಲೂ ನೋಡಬಹುದಾದ ಹಾಗೆ ನಿಲ್ಲಿಸಿದ್ದರು. ಕೈ ಹಿಡಿದು ಎಡಗಡೆ ನಿಲ್ಲಿಸಿದೆ.

"ಹೇಳು" ಅಂದರು.

"ಬಳ್ಳಿ ಐತೆ. ಸುತ್ತಿನೊಳಗೆ ಹೂವು."

"ಎಸಳು ಎಷ್ಟು?"

"ನಾಲ್ಕು. ಐದೂ ಇರಬಹುದು. ಸವೆದುಹೋಗಿದೆ."

"ಬಳ್ಳಿ ಹೂವಿನ ಮ್ಯಾಲೆ ಹಾದು ಹೋಗತೈತೋ, ಕೆಳಗೋ?"

"ಕೆಳಗೆ. ಅಲ್ಲ, ಇಲ್ಲಿ ಮೇಲಿದೆ."

"ನಡುವಿಗೆ ಬಾ. ಹಂಸ ಎದುರುಬದುರಾಗೋ ಕಡೆ ಏನೈತೆ?"

ನಾನು ಬಗ್ಗಿ ನೋಡಿದೆ. ಒಂದು ಉಬ್ಬು ಇತ್ತು. ಕಲಶ ಇರಬಹುದು, ಕಮಲದ ಮೊಗ್ಗು ಇರಬಹುದು, ಒಂದು ಮುಖವೂ ಇರಬಹುದು. ಇಪ್ಪತ್ತು ವರ್ಷ ಸೂಜಿ ಹಿಡಿದ ಕಣ್ಣಿಗೆ ಅದು ತಿಳಿಯುತ್ತಿತ್ತೇನೋ. ದಿನವೂ ಮಕ್ಕಳಿಗೆ ಪದಗಳ ಅರ್ಥ ಹೇಳುತ್ತಿದ್ದ ನನಗೆ ಅದನ್ನು ಹೇಳುವ ಒಂದು ಮಾತು ಬರಲಿಲ್ಲ. "ಏನೋ ಒಂದು ದುಂಡಗಿದೆ ಅಕ್ಕೋರೇ" ಅಂದೆ.

ಅವರು ಕೈ ಚಾಚಿದರು. ಬೆರಳು ಕಲ್ಲಿಗೆ ಇನ್ನೇನು ತಾಗಬೇಕು, ಕಾವಲಿನವನು ಬಂದ.

"ಮುಟ್ಟಂಗಿಲ್ಲಮ್ಮ."

"ಅವರಿಗೆ ಕಣ್ಣು ಕಾಣಲ್ಲ. ಒಂದೇ ಒಂದು ಸಲ ಮುಟ್ಟಿ ನೋಡ್ತಾರೆ" ಅಂದೆ.

ಅವನು ಅವರ ಮುಖ ನೋಡಿದ. ಕೆಟ್ಟವನಲ್ಲ. "ಸಾಹೇಬ್ರು ಒಳಗಿದ್ದಾರೆ. ನೋಡಿದ್ರೆ ನನ್ನ ಕೆಲಸಕ್ಕೆ ತೊಂದ್ರೆ ಆಗುತ್ತಮ್ಮ" ಅಂದ.

ಅವರು ತಟ್ಟನೆ ಕೈ ಹಿಂದಕ್ಕೆ ತಗೊಂಡರು. "ಬ್ಯಾಡ ಬಿಡಪ್ಪ. ನನ್ನಿಂದ ಯಾರ ಕೆಲಸಕ್ಕೂ ಕುತ್ತು ಬರಬಾರದು."

ನಾನು ಸಾಹೇಬರನ್ನು ಕೇಳಿ ಬರುತ್ತೇನೆ ಅಂದೆ, ಬೇಡ ಅಂದರು. ಹಟ ಮಾಡಿ ಪುಸ್ತಕ ತೆಗೆದು ಆ ಉಬ್ಬನ್ನು ಬರೆದೆ, ಅಳಿಸಿ ಮತ್ತೆ ಬರೆದೆ. ಅವರು ಹಾಳೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಮಡಚಿ ನನಗೇ ಕೊಟ್ಟರು. "ಇದು ನೀನು ಬರೆದದ್ದು. ಕಲ್ಲಿನಾಗೆ ಇರೋದಲ್ಲ."

ಊರಿಗೆ ಹೊರಟ ಬಸ್ಸು ತುಮಕೂರು ದಾಟಿತು. ಅವರು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು, ಸಿಟ್ಟಿಲ್ಲದೆ ಹೇಳಿದರು: "ಕರ್ಕೊಂಡು ಬರಬಾರದಿತ್ತು ನೀನು. ಅಲ್ಲೇನೋ ಐತೆ, ಒಂದಿನ ನೋಡ್ತೀನಿ ಅನ್ಕೊಂಡು ಹೊಲೀತಿದ್ದೆ. ಅದೂ ಹೋತು."

ಆಗ ಹೇಳಬೇಕಿತ್ತು ನಾನು. ಅಂದು ನೀವು ಎರಡು ಸಲ ಹೇಳಿದ್ದಿರಿ, ನಾನು ಕೇಳಿಸಿಕೊಂಡಿದ್ದೆ, ಕೈ ಬಿಟ್ಟವಳೂ ನಾನೇ, ಸುಳ್ಳು ಬರೆದವಳೂ ನಾನೇ ಎಂದು. ಅವರಿಗೆ ತಿಳಿಯದ ವಿಷಯವಲ್ಲ. ಆದರೂ ನನ್ನ ಬಾಯಿಂದ ಬರಬೇಕಿತ್ತು. ಕಂಡಕ್ಟರ್ ಬಂದ, ಟಿಕೆಟ್ ತೋರಿಸಿದೆ, ಹಿರಿಯೂರಿನಲ್ಲಿ ಬಸ್ಸು ನಿಂತಿತು, ಕಾಫಿ ತಂದುಕೊಟ್ಟೆ. ಜಗಳೂರು ಬಂತು.

ಅದಾದ ಮೇಲೆ ಅವರು ಸೂಜಿ ಮುಟ್ಟಲಿಲ್ಲ. ಕ್ಲಾಸಿನಲ್ಲೂ ಬರೀ ಕೂತಿರುತ್ತಿದ್ದರು. ಹುಡುಗಿಯರು ಬಟ್ಟೆ ತಂದು ಕೈಗೆ ಕೊಟ್ಟರೆ ಬೆರಳಾಡಿಸದೆ "ಚಲೋ ಐತೆ" ಎಂದು ವಾಪಸ್ ಕೊಡುತ್ತಿದ್ದರು. ಬಿಚ್ಚು ಎನ್ನುವುದನ್ನು ಬಿಟ್ಟರು. ಅದನ್ನು ನೋಡುವುದೇ ನನಗೆ ಕಷ್ಟವಾಗುತ್ತಿತ್ತು. ವರ್ಷ ತುಂಬುವುದರೊಳಗೆ ಕಣ್ಣಿನ ಕಾರಣಕ್ಕೆ ಮುಂಚೆಯೇ ನಿವೃತ್ತಿ ತಗೊಂಡರು. ಅಣ್ಣನ ಮಗ ಬಂದು ಚನ್ನಗಿರಿಗೆ ಕರೆದುಕೊಂಡು ಹೋದ. ಟ್ರಂಕಿನಲ್ಲಿ ಆ ಬಟ್ಟೆಯನ್ನು ಮಡಚಿಟ್ಟವಳು ನಾನೇ. "ಬಂದು ಹೋಗ್ತಿರು" ಅಂದರು. ಜಗಳೂರಿಂದ ನ್ಯಾಮತಿಗೆ ಬಂದಾಗಲೆಲ್ಲ ಚನ್ನಗಿರಿ ನೆನಪಾಗುತ್ತಿತ್ತು. ಎರಡು ವರ್ಷದಲ್ಲಿ ಒಂದು ಸಲವೂ ಹೋಗಲಿಲ್ಲ.

ಹೊನ್ನಾಳಿಯಲ್ಲಿ ಸುದ್ದಿ ಕೇಳಿದ ಮರುದಿನ ಹೋದೆ. ಅಣ್ಣನ ಸೊಸೆ ಬಾಗಿಲು ತೆರೆದು, ಚಾಪೆ ಹಾಸಿ, ಕಾಫಿ ಕೊಟ್ಟಳು. ಕೊನೆಗೆ ಎರಡು ತಿಂಗಳು ಹಾಸಿಗೆ ಹಿಡಿದಿದ್ದರಂತೆ. ಮಾತು ಕಡಿಮೆಯಾಗಿತ್ತಂತೆ. ಹೊದ್ದ ಕಂಬಳಿಯ ತುದಿ ತಿಕ್ಕುತ್ತಾ ಮಲಗಿರುತ್ತಿದ್ದರಂತೆ. ನಾನು ಆ ಬಟ್ಟೆಯನ್ನು ಕೇಳಿದೆ. ತಗೊಂಡು ಹೋಗಲು ಅಲ್ಲ, ನೋಡಲು.

"ಬಿಳೀದು, ಅಂಚಿಗೆ ಕಸೂತಿ ಇದ್ದದ್ದಾ?" ಅಂದಳು ಆಕೆ. "ಅವತ್ತು ಅಮಾಸೆ ನೋಡ್ರಿ, ಬಟ್ಟೆ ಅಂಗಡಿ ಒಂದೂ ತೆಗೆದಿರಲಿಲ್ಲ. ಟ್ರಂಕಿನಾಗೆ ಅದಿತ್ತು, ಅದನ್ನೇ ಹೊದಿಸಿದ್ವಿ. ವಿಧವೆಯರಿಗೆ ಬಣ್ಣ ಹಾಕಬಾರದು ಅಂತ ಅತ್ತೆ ಅಂದ್ರು. ಕಸೂತಿ ಇದ್ದ ಕಡೆ ಕತ್ತರಿಸಿ ತೆಗೆದು ಹೊದಿಸಿದ್ವಿ."

"ಕತ್ತರಿಸಿದ್ದು?"

ಆಕೆ ಕಾಫಿ ಲೋಟ ಎತ್ತಿಕೊಂಡಳು. "ಅವರ ಹಾಸಿಗೆ ಬಟ್ಟೆ ಜೊತೆ ಹೋತೇನೋ. ಎಲ್ಲಾ ಹೊಳೆಗೆ ಬಿಟ್ಟು ಬಂದ್ರು ನಮ್ಮನೆಯವರು. ಚಂದಿತ್ತಾ ರೀ ಅದು? ಆ ಗಡಿಬಿಡಿಯಾಗೆ ನಾವು ಯಾರೂ ನೋಡಲಿಲ್ಲ."

ಮಣ್ಣು ಮಾಡಿದ ಜಾಗಕ್ಕೆ ಅವಳೇ ಕರೆದುಕೊಂಡು ಹೋದಳು. ಊರ ಹೊರಗಿನ ಹೊಲದ ಬದುವಿನಲ್ಲಿ ಹಸಿ ಮಣ್ಣಿನ ಒಂದು ದಿಬ್ಬ, ಮೇಲೆ ನಾಯಿ ಕೆದರದಂತೆ ಇಟ್ಟ ಜಾಲಿಮುಳ್ಳು. ಹೆಸರಿಲ್ಲ, ಕಲ್ಲಿಲ್ಲ. ಆಕೆ ನನ್ನನ್ನು ಒಬ್ಬಳನ್ನೇ ಬಿಟ್ಟು ಬದುವಿನ ಆಚೆ ಹೋಗಿ ನಿಂತಳು. ಅಷ್ಟು ವರ್ಷ ಇಟ್ಟುಕೊಂಡಿದ್ದ ಮಾತನ್ನು ಇಲ್ಲಾದರೂ ಹೇಳಬೇಕೆನಿಸಿತು. ಈಗ ಹೇಳಿದರೆ ಹಗುರಾಗುವವಳು ನಾನೊಬ್ಬಳೇ. ಹೇಳಲಿಲ್ಲ. ದಾವಣಗೆರೆ ಬಸ್ಸಿಗೆ ಹೊತ್ತಾಗುತ್ತದೆ ಎಂದು ಆಕೆ ಕರೆದಳು, ಹೋದೆ.